ಪೊಲೀಸರಿಗೆ ಮೊದಲು ಯಾವ ಕಾನೂನು ಬೇಕು?

"ಸಂಬಳ ಜಾಸ್ತಿ ಮಾಡಿದ್ರು, ಕ್ವಾರ್ಟರ್ಸ್ ಕಟ್ಟಿಸಿದ್ರು. ಇನ್ನೇನು ಬೇಕು ನಿಮ್ಮ ಪೊಲೀಸರಿಗೆ?" ನಾನು ಹೆಡ್ ಕಾನ್ಸ್‌ಟೇಬಲ್ ಒಬ್ಬರ ಮಗಳು ಅಂತ ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆ ಇದು. ಅಧಿವೇಶನ ಶುರುವಾದಾಗ ಇನ್ನೂ ಜಾಸ್ತಿ ಕೇಳುತ್ತಾರೆ. ಸರ್ಕಾರ ಒಂದೇ ಒಂದು ಕಾನೂನು ಮಾಡುವುದಾದರೆ ಯಾವುದು ಮಾಡಬೇಕು, ಹೇಳಿ ನೋಡೋಣ ಅನ್ನುತ್ತಾರೆ.

ಡ್ಯೂಟಿಗೆ ಇಷ್ಟೇ ಹೊತ್ತು ಅಂತ ಗೊತ್ತು ಮಾಡಬೇಕು. ವಾರಕ್ಕೊಂದು ರಜೆ ಕೊಡಬೇಕು. ಎರಡೂ ಪೊಲೀಸ್ ಕಾಯ್ದೆಯೊಳಗೇ ಇರಬೇಕು. ಇದೇ ನನ್ನ ಉತ್ತರ.

ವಾರದ ರಜೆ ಈಗಲೂ ಇದೆಯಲ್ಲ ಅನ್ನಬಹುದು. ಇದೆ, ಆದೇಶದಲ್ಲಿ ಇದೆ. ಗಣೇಶನ ವಿಸರ್ಜನೆ ಬಂದರೆ ಇಲ್ಲ. ಚುನಾವಣೆ ಬಂದರೆ ಇಲ್ಲ. ಮಂತ್ರಿಗಳು ಊರಿಗೆ ಬಂದರೂ ಇಲ್ಲ. ಠಾಣೆಯಲ್ಲಿ ಇಬ್ಬರು ಕಡಿಮೆ ಇದ್ದರೆ ಏನೂ ನಡೆಯದ ದಿನವೂ ಇಲ್ಲ. ಹಿಂದಿನ ರಾತ್ರಿ ರೋಲ್ ಕಾಲ್‌ನಲ್ಲಿ "ನಾಳೆ ಎಲ್ಲರೂ ಬಂದೋಬಸ್ತ್‌ಗೆ" ಅಂದರೆ ಮುಗಿಯಿತು. ಹೋದ ರಜೆ ಹೋಯಿತು, ಅದರ ಬದಲಿಗೆ ಇನ್ನೊಂದು ದಿನ ಸಿಗುವುದು ಇನ್ಸ್‌ಪೆಕ್ಟರ್ ಎಷ್ಟು ಒಳ್ಳೆಯವರು ಅನ್ನುವುದರ ಮೇಲೆ.

ಇದಕ್ಕೆಲ್ಲ ಬೇರು ಕಾನೂನಿನಲ್ಲೇ ಇದೆ. 1861ರಲ್ಲಿ ಬ್ರಿಟಿಷರು ಮಾಡಿದ ಪೊಲೀಸ್ ಕಾಯ್ದೆಯ 22ನೇ ಕಲಂ, ಪೊಲೀಸರು ಯಾವಾಗಲೂ ಡ್ಯೂಟಿಯ ಮೇಲೆ ಇದ್ದಾರೆ ಅಂತಲೇ ತಿಳಿಯಬೇಕು ಅನ್ನುತ್ತದೆ. ನಮ್ಮ 1963ರ ಕರ್ನಾಟಕ ಪೊಲೀಸ್ ಕಾಯ್ದೆಗೂ ಅದೇ ಮಾತು ಇಳಿದು ಬಂದಿದೆ. ಕಾಯ್ದೆಯೇ ಹಾಗೆ ಹೇಳುವಾಗ ಸುತ್ತೋಲೆಯ ಮಾತನ್ನು ಯಾರು ಕೇಳುತ್ತಾರೆ? ಕಾಮನ್ ಕಾಸ್ ಅನ್ನುವ ಸ್ವಯಂಸೇವಾ ಸಂಸ್ಥೆ ಮತ್ತು ಸಿಎಸ್‌ಡಿಎಸ್ ಅನ್ನುವ ಸಂಶೋಧನಾ ಸಂಸ್ಥೆ ಸೇರಿ 2019ರಲ್ಲಿ ತಂದ ವರದಿಯ ಪ್ರಕಾರ ನಮ್ಮ ದೇಶದ ಪೊಲೀಸರು ದಿನಕ್ಕೆ ಸರಾಸರಿ 14 ಗಂಟೆ ಕೆಲಸ ಮಾಡುತ್ತಾರೆ. ಸರಾಸರಿ ಅಷ್ಟಾದರೆ ಹಬ್ಬದ ದಿನ ಎಷ್ಟಾಗುತ್ತದೆ ಅಂತ ನೀವೇ ಲೆಕ್ಕ ಹಾಕಿ.

ಬಂದೋಬಸ್ತ್ ಅಂದರೆ ಏನು ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ. ರಸ್ತೆ ಬದಿ ಸುಮ್ನೆ ನಿಂತಿರುತ್ತಾರೆ ಅಂದುಕೊಳ್ಳುತ್ತಾರೆ. ಬೇರೆ ಜಿಲ್ಲೆಗೆ ಕಳಿಸಿದರೆ ಮಲಗುವುದು ಕಲ್ಯಾಣ ಮಂಟಪದಲ್ಲೋ ಸ್ಕೂಲಿನ ಕೊಠಡಿಯಲ್ಲೋ. ಬೆಳಿಗ್ಗೆ ಪಾಯಿಂಟ್‌ಗೆ, ಅಂದರೆ ಗೊತ್ತು ಮಾಡಿದ ಜಾಗಕ್ಕೆ, ಹೋಗಿ ನಿಂತರೆ ಮೆರವಣಿಗೆ ಮುಗಿಯುವವರೆಗೂ ಅಲ್ಲೇ. ಊಟದ ಪ್ಯಾಕೆಟ್ ಬಂದಾಗ ಬಂತು. ಅದನ್ನೂ ಜೀಪಿನ ಬಾನೆಟ್ ಮೇಲೆ ಇಟ್ಟುಕೊಂಡು, ಒಂದು ಕಣ್ಣು ರಸ್ತೆಯ ಮೇಲಿಟ್ಟು ತಿನ್ನಬೇಕು. ನನ್ನ ಜೊತೆ ಕ್ವಾರ್ಟರ್ಸ್‌ನಲ್ಲೇ ಬೆಳೆದ ಗೆಳತಿಯೊಬ್ಬಳು ಈಗ ಮಹಿಳಾ ಕಾನ್ಸ್‌ಟೇಬಲ್. ಬಂದೋಬಸ್ತ್ ಇದ್ದ ದಿನ ಅವಳು ಮಧ್ಯಾಹ್ನದವರೆಗೆ ನೀರೇ ಕುಡಿಯುವುದಿಲ್ಲ. "ಕುಡಿದರೆ ಎಲ್ಲಿಗೆ ಹೋಗ್ಲಿ ಹೇಳು? ಮೂರು ಮನೆ ಬಾಗಿಲು ತಟ್ಟಿ, ಅಕ್ಕ ಒಂದು ನಿಮಿಷ ಅನ್ನಬೇಕು" ಅಂತಾಳೆ. ಮೊಬೈಲ್ ಟಾಯ್ಲೆಟ್ ಇಲ್ಲದೆ ಹೆಣ್ಣುಮಕ್ಕಳನ್ನು ಪಾಯಿಂಟ್‌ಗೆ ಹಾಕಬಾರದು ಅಂತ ಕಾನೂನಿನಲ್ಲೇ ಒಂದು ಸಾಲು ಬರೆಯಲು ಎಷ್ಟು ಖರ್ಚಾಗುತ್ತದೆ?

ಇದೆಲ್ಲ ಹೊಸದಾಗಿ ಯೋಚಿಸಬೇಕಾದ್ದೂ ಅಲ್ಲ. ಹಿರಿಯ ವಕೀಲ ಸೋಲಿ ಸೊರಾಬ್ಜಿ ಅವರ ಸಮಿತಿ 2006ರಲ್ಲೇ ಒಂದು ಮಾದರಿ ಪೊಲೀಸ್ ಕಾಯ್ದೆಯನ್ನು ಬರೆದುಕೊಟ್ಟಿದೆ. ಸಾಮಾನ್ಯವಾಗಿ ದಿನಕ್ಕೆ 8 ಗಂಟೆ ಡ್ಯೂಟಿ, ತೀರಾ ಅನಿವಾರ್ಯವಾದರೆ 12 ಅಥವಾ ಅದಕ್ಕೂ ಮೀರಿ, ಹಾಗೆ ದುಡಿಸಿಕೊಂಡರೆ ಅದಕ್ಕೆ ಪರಿಹಾರ, ವಾರಕ್ಕೊಂದು ರಜೆ ಅಥವಾ ಬದಲಿ ಸೌಲಭ್ಯ, ಇಷ್ಟೂ ಅದರಲ್ಲಿ ಇದೆ. ಪೊಲೀಸ್ ರಾಜ್ಯ ಪಟ್ಟಿಯ ವಿಷಯ. ವಿಧಾನಸಭೆ ಮನಸ್ಸು ಮಾಡಿದರೆ ದೆಹಲಿಯನ್ನು ಕೇಳಬೇಕಾಗಿಲ್ಲ.

"8 ಗಂಟೆ ಡ್ಯೂಟಿ ಮುಗಿಸಿ ಮನೆಗೆ ಹೋದರೆ ರಾತ್ರಿ ಕಳ್ಳರನ್ನು ಹಿಡಿಯುವವರು ಯಾರು?" ಅಂತ ಇನ್ನೊಂದು ಪ್ರಶ್ನೆ ಬರುತ್ತದೆ. ಇದು ನ್ಯಾಯವಾದ ಪ್ರಶ್ನೆ. ಪಾಳಿ ಮಾಡಲು ಜನ ಬೇಕು. ಅದಕ್ಕೇ ಖಾಲಿ ಹುದ್ದೆಗಳನ್ನು ಪ್ರತಿ ವರ್ಷ ಇಂಥ ತಿಂಗಳೊಳಗೆ ತುಂಬಬೇಕು ಅನ್ನುವ ಕಟ್ಟುಪಾಡೂ ಅದೇ ಕಾಯ್ದೆಯಲ್ಲಿ ಬರಬೇಕು. 545 ಪಿಎಸ್‌ಐ (ಸಬ್ ಇನ್ಸ್‌ಪೆಕ್ಟರ್) ಹುದ್ದೆಗಳ ಕಥೆ ನೆನಪಿದೆ ಅಲ್ವಾ? 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ಆಯಿತು. ಅಕ್ರಮ ಹೊರಬಿದ್ದು 2022ರಲ್ಲಿ ರದ್ದಾಯಿತು. ಮರುಪರೀಕ್ಷೆ ಆಗುವಷ್ಟರಲ್ಲಿ 2024 ಬಂತು. ಓದಿದ ಹುಡುಗ ಹುಡುಗಿಯರಿಗೆ ಆದ ಅನ್ಯಾಯದ ಬಗ್ಗೆ ಎಲ್ಲರೂ ಮಾತಾಡಿದರು, ಮಾತಾಡಲೇಬೇಕಿತ್ತು. ಆ ವರ್ಷಗಳಲ್ಲಿ ಬಾರದ ಪಿಎಸ್‌ಐಗಳ ಕೆಲಸವನ್ನೂ ತಮ್ಮ ಕೆಲಸದ ಜೊತೆಗೆ ಹೊತ್ತವರ ಬಗ್ಗೆ ಯಾರೂ ಕೇಳಲಿಲ್ಲ.

ಸಂಬಳದ ವಿಷಯಕ್ಕೆ ಬರೋಣ. ಹಿರಿಯ ಪೊಲೀಸ್ ಅಧಿಕಾರಿ ರಾಘವೇಂದ್ರ ಔರಾದ್ಕರ್ ಅವರ ವರದಿಯ ನಂತರ 2019ರಲ್ಲಿ ವೇತನ ಏರಿತು, ಅದು ದೊಡ್ಡ ಸಹಾಯವೇ. ಹಳಬರಿಗೆ ಸಿಗಬೇಕಾದಷ್ಟು ಸಿಗಲಿಲ್ಲ ಅನ್ನುವ ಕೊರಗು ಇನ್ನೂ ಇದೆ. 2025ರ ಅಕ್ಟೋಬರ್‌ನಲ್ಲಿ ಕಾನ್ಸ್‌ಟೇಬಲ್‌ಗಳ ಸ್ಲೌಚ್ ಹ್ಯಾಟ್ ಹೋಗಿ ಪೀಕ್ ಕ್ಯಾಪ್ ಬಂತು. ಅದೂ ಬಹಳ ದಿನದ ಆಸೆ, ನನಗೂ ಖುಷಿಯಾಯಿತು. ಆದರೆ ಅಪ್ಪನ ಸಂಬಳ ಎಷ್ಟು ಅಂತ ಚಿಕ್ಕಂದಿನಲ್ಲಿ ನಮಗೆ ಗೊತ್ತೇ ಇರಲಿಲ್ಲ. ಅಪ್ಪ ಮನೆಗೆ ಎಷ್ಟು ಹೊತ್ತಿಗೆ ಬರುತ್ತಾರೆ ಅನ್ನುವುದೂ ಗೊತ್ತಿರುತ್ತಿರಲಿಲ್ಲ. ನಮ್ಮ ಸಾಲಿನ ಎಲ್ಲ ಮನೆಯ ಮಕ್ಕಳದೂ ಇದೇ ಪಾಡು. ಪೇರೆಂಟ್ಸ್ ಮೀಟಿಂಗ್‌ಗೆ, ಆಸ್ಪತ್ರೆಗೆ, ಮದುವೆಗೆ ಎಲ್ಲದಕ್ಕೂ ಅಮ್ಮಂದಿರೇ.

ಇನ್ನೊಂದು ವಿಷಯ ನನ್ನನ್ನು ತುಂಬಾ ಕಾಡುತ್ತದೆ. ಪೊಲೀಸರು ತಮ್ಮ ಕಷ್ಟವನ್ನು ಒಟ್ಟಾಗಿ ಹೇಳಿಕೊಳ್ಳುವ ಹಾಗೇ ಇಲ್ಲ. 1966ರ ಒಂದು ಕೇಂದ್ರ ಕಾಯ್ದೆಯ ಪ್ರಕಾರ ಅನುಮತಿ ಇಲ್ಲದೆ ಅವರು ಕಾರ್ಮಿಕ ಸಂಘಕ್ಕೆ ಸೇರುವಂತಿಲ್ಲ. 2016ರ ಜೂನ್ 4ರಂದು ನಮ್ಮ ರಾಜ್ಯದ ಪೊಲೀಸರು ಸಾಮೂಹಿಕ ರಜೆ ಹಾಕುತ್ತಾರೆ ಅಂತ ಸುದ್ದಿಯಾಗಿತ್ತು. ಕೇಳುತ್ತಿದ್ದುದು ಸಂಬಳ, ರಜೆ, ಡ್ಯೂಟಿಯ ಹೊತ್ತು. ಮುಂದೆ ನಿಂತವರ ಮೇಲೆ ರಾಜದ್ರೋಹದ ಕೇಸು ಬಿತ್ತು. 2024ರ ಅಕ್ಟೋಬರ್‌ನಲ್ಲಿ ತೆಲಂಗಾಣದಲ್ಲಿ ಸ್ಪೆಷಲ್ ಪೊಲೀಸ್ ಬೆಟಾಲಿಯನ್‌ನವರ ಹೆಂಡತಿಯರು ಮಕ್ಕಳನ್ನು ಕಟ್ಟಿಕೊಂಡು ರಸ್ತೆಗೆ ಬಂದರು. ಗಂಡ ಬಾಯಿ ಬಿಡುವಂತಿಲ್ಲ ಅಂದಾಗ ಹೆಂಡತಿ ಅಲ್ಲದೆ ಇನ್ಯಾರು ಬರುತ್ತಾರೆ? ಪಕ್ಕದ ಕೇರಳದಲ್ಲಿ ಪೊಲೀಸರಿಗೆ ಮಾನ್ಯತೆ ಪಡೆದ ಸಂಘಗಳಿವೆ. ಅಲ್ಲಿ ಠಾಣೆಗಳೇನೂ ಬಾಗಿಲು ಹಾಕಿಲ್ಲ. ಮುಷ್ಕರದ ಹಕ್ಕು ಕೊಡಿ ಅಂತ ನಾನು ಹೇಳುತ್ತಿಲ್ಲ, ಶಸ್ತ್ರ ಹಿಡಿದವರಿಗೆ ಅದು ಬೇಡ. ಆದರೆ ಜಿಲ್ಲೆಗೊಂದು ಕುಂದುಕೊರತೆ ಸಮಿತಿ ಕಾಯ್ದೆಯಲ್ಲೇ ಬರಲಿ. ಅದರಲ್ಲಿ ಕಾನ್ಸ್‌ಟೇಬಲ್‌ಗಳೂ ಕೂರಲಿ, ಮನೆಯವರೂ ಅರ್ಜಿ ಕೊಡುವಂತಾಗಲಿ. ಇಷ್ಟು ದಿನದೊಳಗೆ ಲಿಖಿತ ಉತ್ತರ ಕೊಡಲೇಬೇಕು ಅಂತಾಗಲಿ.

ಕಾನೂನಿನಿಂದ ಏನೂ ಆಗಲ್ಲ ಅನ್ನುವವರಿಗೆ ಒಂದು ಉದಾಹರಣೆ ಕೊಡುತ್ತೇನೆ. ಅಧಿಕಾರಿಗಳನ್ನು ಬೇಕೆಂದಾಗ ಎತ್ತಂಗಡಿ ಮಾಡಬಾರದು, ಕನಿಷ್ಠ ಎರಡು ವರ್ಷ ಒಂದು ಕಡೆ ಇರಿಸಬೇಕು ಅಂತ ಸುಪ್ರೀಂ ಕೋರ್ಟ್, ನಿವೃತ್ತ ಪೊಲೀಸ್ ಅಧಿಕಾರಿ ಪ್ರಕಾಶ್ ಸಿಂಗ್ ಹಾಕಿದ್ದ ಪ್ರಕರಣದಲ್ಲಿ ಹೇಳಿದ್ದು 2006ರ ಸೆಪ್ಟೆಂಬರ್‌ನಲ್ಲಿ. ನಮ್ಮ ಕಾಯ್ದೆಯಲ್ಲಿ ಮೊದಲು ಒಂದು ವರ್ಷ ಅಂತ ಇಟ್ಟರು, 2024ರಲ್ಲಿ ತಿದ್ದುಪಡಿ ಮಾಡಿ ಎರಡಕ್ಕೆ ಏರಿಸಿದರು. ತಡವಾಯಿತು, ಆದರೂ ಆಯಿತು. ಅವಧಿಗೆ ಮುಂಚೆ ಎತ್ತಿದರೆ ಈಗ ಅಧಿಕಾರಿಯ ಕೈಯಲ್ಲಿ ಹಿಡಿದು ತೋರಿಸಲು ಒಂದು ಕಲಂ ಇದೆ. ಕಾನ್ಸ್‌ಟೇಬಲ್ ಕೈಗೂ ಅಂಥದ್ದೊಂದು ಕಲಂ ಸಿಗಬೇಕು.

ಕೊನೆಯದಾಗಿ, ಡ್ಯೂಟಿಯಲ್ಲಿ ತೀರಿಕೊಂಡವರ ಮನೆಯವರ ಬಗ್ಗೆ. ಪ್ರತಿ ಅಕ್ಟೋಬರ್ 21ಕ್ಕೆ ಹುತಾತ್ಮರ ದಿನ ಮಾಡುತ್ತೇವೆ, ಹೆಸರು ಓದುತ್ತೇವೆ, ಗಾಳಿಯಲ್ಲಿ ಗುಂಡು ಹಾರಿಸುತ್ತೇವೆ. ಆಮೇಲೆ ತೀರಿಕೊಂಡವರ ಹೆಂಡತಿ ಕುಟುಂಬ ಪಿಂಚಣಿಗೆ ಒಂದು ಟೇಬಲ್, ಇನ್ಶೂರೆನ್ಸ್‌ಗೆ ಇನ್ನೊಂದು, ಅನುಕಂಪದ ನೌಕರಿಗೆ ಮತ್ತೊಂದು ಟೇಬಲ್ ಸುತ್ತುತ್ತಾಳೆ. ಕ್ವಾರ್ಟರ್ಸ್ ಖಾಲಿ ಮಾಡುವ ಚಿಂತೆ ಬೇರೆ. ಎಸ್‌ಪಿ ಕಚೇರಿಯಲ್ಲಿ ಒಬ್ಬ ಅಧಿಕಾರಿಯನ್ನು ಇದಕ್ಕೆಂದೇ ಹೊಣೆ ಮಾಡಿ. ಕಾಗದಪತ್ರ ಎಲ್ಲ ಅವರೇ ಮನೆಗೆ ತಂದು ಸಹಿ ಹಾಕಿಸಿಕೊಂಡು ಹೋಗಲಿ. ನೌಕರಿಯೋ ಪಿಂಚಣಿಯೋ ಕೈಗೆ ಬರುವವರೆಗೆ ಕ್ವಾರ್ಟರ್ಸ್ ಬಿಡಿ ಅಂತ ಯಾರೂ ಕೇಳಬಾರದು. ಇದನ್ನೂ ಕಾಯ್ದೆಯಲ್ಲೇ ಬರೆಯಿರಿ.