ಕಲೋನಿನಲ್ಲೂ ಅದೇ ಪ್ರಶ್ನೆ: ನೀರು ಎಷ್ಟಿದೆ?

ಜರ್ಮನಿಯ ಕಲೋನ್ ಊರಿನ ಹಳೇ ಪೇಟೆಯ ಹತ್ತಿರ, ರೈನ್ ನದಿ ದಂಡೆಯಲ್ಲಿ ಒಂದು ಗೋಪುರ ಇದೆ. ಗಡಿಯಾರದ ಥರಾನೇ ಕಾಣುತ್ತದೆ, ಮುಳ್ಳುಗಳೂ ಇವೆ. ತೋರಿಸೋದು ಮಾತ್ರ ನದಿಯ ಮಟ್ಟ. ಚಿಕ್ಕ ಮುಳ್ಳು ಮೀಟರ್, ದೊಡ್ಡ ಮುಳ್ಳು ಮೀಟರಿನ ಹತ್ತನೇ ಒಂದು ಭಾಗ. ಮಂಡ್ಯದವರಿಗೆ ಇದಕ್ಕಿಂತ ಇಷ್ಟವಾಗುವ ಗಡಿಯಾರ ಇನ್ನೊಂದಿಲ್ಲ. ಜೂನ್ ಬಂದರೆ ನಾವು ಊಟ ಆಯ್ತಾ ಅನ್ನೋಕೂ ಮೊದಲು "ಕಟ್ಟೆ ಎಷ್ಟಾಗಿದೆ" ಅಂತ ಕೇಳುವವರು. 124.80 ಅಡಿ ಅಂದರೆ ಕನ್ನಂಬಾಡಿ (ಕೆ.ಆರ್.ಎಸ್.) ಕಟ್ಟೆ ಭರ್ತಿ ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಅಪ್ಪ ಫೋನಿನಲ್ಲಿ ಕೇಳಿದರು: "ನಿಮ್ಮೊಳೇಲಿ ಬ್ಯಾಸಿಗೇಲೂ ನೀರಿರ್ತದೇನ್ಲಾ?"

ಇರುತ್ತದೆ. ರೈನ್ ಹುಟ್ಟುವುದು ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಬೆಟ್ಟದಲ್ಲಿ, 2,345 ಮೀಟರ್ ಎತ್ತರದ ಟೋಮಾ ಅನ್ನುವ ಪುಟ್ಟ ಕೆರೆಯಲ್ಲಿ. ಚಳಿಗಾಲದಲ್ಲಿ ಬಿದ್ದ ಹಿಮ ಬೇಸಿಗೆಯಲ್ಲಿ ಕರಗಿ ಇಳಿಯುತ್ತದೆ. ಆ ನೀರು ಕಾನ್‌ಸ್ಟನ್ಸ್ ಸರೋವರದಲ್ಲಿ ನಿಂತು, ಆಮೇಲೆ ಹದವಾಗಿ ಮುಂದೆ ಹೋಗುತ್ತದೆ. ಯಾರೂ ಕಟ್ಟದ ಕನ್ನಂಬಾಡಿ ಕಟ್ಟೆ ಅದು! ನಮ್ಮ ಕಾವೇರಿಗೆ ಹಿಮವೆಲ್ಲಿ? ಕೊಡಗಿನಲ್ಲಿ ಮಳೆ ಹಿಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಶಾಫ್‌ಹೌಸೆನ್ ಹತ್ತಿರದ ರೈನ್ ಜಲಪಾತ ಬರೀ 23 ಮೀಟರ್, ಗಗನಚುಕ್ಕಿ ಮುಂದೆ ಏನೇನೂ ಅಲ್ಲ. ಆದರೆ ಬೇಸಿಗೆಯಲ್ಲಿ ಗಗನಚುಕ್ಕಿಗೆ ಹೋದವರಿಗೆ ಸಿಗೋದು ಬಂಡೆ ದರ್ಶನ, ಅಲ್ವಾ?

ಬಾಸೆಲ್ ದಾಟಿದ ಮೇಲೆ ರೈನ್ ಅಂದರೆ ಸರಕು ಸಾಗಣೆ. ಡೀಸೆಲ್, ಕಲ್ಲಿದ್ದಲು, ಜಲ್ಲಿ ತುಂಬಿದ ಉದ್ದುದ್ದ ಬಾರ್ಜ್‌ಗಳು ಹಗಲೂ ರಾತ್ರಿ ಓಡಾಡುತ್ತವೆ.

ಹಾಗಂತ ಇಲ್ಲಿ ಬರವೇ ಇಲ್ಲ ಅಂದುಕೊಳ್ಳಬೇಡಿ. 2018ರಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿಯುವಷ್ಟು ಮಳೆ, ಕಟ್ಟೆ ಜುಲೈನಲ್ಲೇ ಭರ್ತಿ. ಅದೇ ಅಕ್ಟೋಬರಿನಲ್ಲಿ ಕಲೋನಿನ ಮಟ್ಟ 0.69 ಮೀಟರಿಗೆ ಇಳಿದಿತ್ತು. 1995ರ ಜನವರಿ ನೆರೆಯಲ್ಲಿ ಇದೇ ಜಾಗದಲ್ಲಿ 10.69 ಇತ್ತು! 0.69 ಅಂದರೆ ಮೊಣಕಾಲುದ್ದ ನೀರು ಅಂತಲ್ಲ. ಅಳತೆಯ ಸೊನ್ನೆ ನದಿಯ ತಳಕ್ಕಿಂತ ಮೇಲಿದೆ. ಬಾರ್ಜ್‌ಗಳು ಅರ್ಧಂಬರ್ಧ ಸರಕು ಹೇರಿಕೊಂಡು ಓಡಾಡಿದವು.

"ಇಷ್ಟು ದೇಶದೋರು ಒಂದೊಳೆಗೆ ಕಿತ್ತಾಡಲ್ವಾ?" ಅಂದರು ಅಪ್ಪ. ದೋಣಿ ಸಂಚಾರದ ವಿಷಯಕ್ಕೆ 1815ರಲ್ಲೇ ವಿಯೆನ್ನಾದಲ್ಲಿ ಕೂತು ಒಂದು ಆಯೋಗ ಮಾಡಿಕೊಂಡರು, ಅದು ಈಗಲೂ ಸ್ಟ್ರಾಸ್‌ಬರ್ಗ್‌ನಲ್ಲಿದೆ ಅಂದೆ. ನಮ್ಮಲ್ಲಿ ಕಾವೇರಿ ನ್ಯಾಯಮಂಡಳಿ ಬಂದದ್ದು 1990ರಲ್ಲಿ, ಸುಪ್ರೀಂ ಕೋರ್ಟು ಕರ್ನಾಟಕಕ್ಕೆ 284.75 ಟಿಎಂಸಿ ಅಂದದ್ದು 2018ರಲ್ಲಿ. ಇದನ್ನು ಕೇಳಿ ಇಲ್ಲಿಯವರು ಜಾಣರು, ನಾವು ಜಗಳಗಂಟರು ಅನ್ನುವ ಗೆಳೆಯರಿದ್ದಾರೆ. ನಾನು ಒಪ್ಪಲ್ಲ. ದೋಣಿ ತೇಲಿಸಿದ ನೀರು ಮುಂದಿನ ಊರಿಗೂ ಹೋಗುತ್ತದೆ. ಗದ್ದೆಗೆ ಕಟ್ಟಿದ ನೀರಲ್ಲಿ ಮುಂದೆ ಹೋಗುವುದೆಷ್ಟು? ಕಟ್ಟೆಯಿಂದ ಹೊರಡುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೆ ಭಾಗದಲ್ಲಿ ಗದ್ದೆ ಇರುವವರನ್ನು ಕೇಳಿ ನೋಡಿ.

ಸಮುದ್ರದ ಹತ್ತಿರ ಮಾತ್ರ ಎರಡೂ ಒಂದೇ ಥರ. ನೆದರ್ಲೆಂಡ್ಸ್ ಒಳಗೆ ಹೋದಮೇಲೆ ರೈನ್ ಕವಲೊಡೆದು, ಮೂರರಲ್ಲಿ ಎರಡು ಪಾಲು ನೀರು ವಾಲ್ ಅನ್ನುವ ಹೆಸರಲ್ಲಿ ರಾಟರ್‌ಡ್ಯಾಮ್ ಕಡೆ ಹರಿಯುತ್ತದೆ. ಕಾವೇರಿಯೂ ತಿರುಚಿರಾಪಳ್ಳಿ ಹತ್ತಿರ ನೆರೆ ನೀರನ್ನು ಕೊಳ್ಳಿಡಂ ಅನ್ನುವ ಕವಲಿಗೆ ಬಿಟ್ಟು, ಉಳಿದದ್ದನ್ನು ತಂಜಾವೂರಿನ ಗದ್ದೆಗಳಿಗೆ ಹಂಚಿ, ಸಣ್ಣದಾಗಿ ಪೂಂಪುಹಾರ್ ಹತ್ತಿರ ಸಮುದ್ರ ಸೇರುತ್ತದೆ. ರಾಟರ್‌ಡ್ಯಾಮ್ ನೋಡಿದ್ದಾಯ್ತು. ಪೂಂಪುಹಾರ್ ಅಪ್ಪನೂ ನೋಡಿಲ್ಲ, ನಾನೂ ನೋಡಿಲ್ಲ. ಜನವರಿಯಲ್ಲಿ ಊರಿಗೆ ಬರ್ತೀನಿ, ಹೋಗೋಣ ಅಂದಿದ್ದೀನಿ. ಭತ್ತದ ಕುಯ್ಲು ಮುಗಿದಿದ್ದರೆ ಬರ್ತಾರಂತೆ.