ಅಮ್ಮನ ಮುದ್ದೆಗೆ ಒಪ್ಪುವ ಅಡುಗೆಮನೆ: ರಿಪೇರಿಯ ಆರನೇ ವಾರ

ಒಲೆ ಇಡುವ ಕಟ್ಟೆ 24 ಇಂಚು ಎತ್ತರ, ಪಕ್ಕದ ಕಟ್ಟೆ 32 ಇಂಚು. ಈ ಎರಡು ಅಳತೆ ಗೊತ್ತುಮಾಡಿಕೊಳ್ಳಲು ನಮಗೆ ಮೂರು ವಾರ ಹಿಡಿಯಿತು.

ಕೋಲಾರದ ಕೋಟೆ ಕಡೆ ಇರುವ ಈ ಮನೆ ತಾತ ಕಟ್ಟಿಸಿದ್ದು. ಕಲ್ಲು ಮಣ್ಣಿನ ಗೋಡೆ, ಮೇಲೆ ಕಲ್ಲು ಚಪ್ಪಡಿ, ಕೆಂಪು ನೆಲ. ಅಡುಗೆಮನೆಯಲ್ಲಿ ಸೌದೆ ಒಲೆ ಇದ್ದ ಜಾಗ, ಅದರ ಮೇಲೆ ಹೊಗೆಗೂಡು, ಗೋಡೆಯಲ್ಲಿ ಮೂರು ಗೂಡು, ಮೂಲೆಯಲ್ಲಿ ನೆಲಕ್ಕೆ ಹೂತ ಒರಳು. ಎಲ್ಲ ಕಿತ್ತು ಮಾಡ್ಯುಲರ್ ಹಾಕಿಸಿ ಅಂದವರೇ ಜಾಸ್ತಿ. ನನಗೆ ಮನಸ್ಸು ಬರಲಿಲ್ಲ. ಕೆಟ್ಟಿರುವುದನ್ನು ಸರಿ ಮಾಡೋಣ, ಚೆನ್ನಾಗಿರುವುದನ್ನು ಮುಟ್ಟೋದು ಬೇಡ ಅಂತ ಅಮ್ಮನೂ ನಾನೂ ಮೊದಲೇ ಮಾತಾಡಿಕೊಂಡಿದ್ದೆವು.

ಕಟ್ಟೆಯ ವಿಷಯಕ್ಕೆ ಬರುತ್ತೇನೆ. ಎಲ್ಲರ ಮನೆಯಲ್ಲೂ 34 ಇಂಚು ಅಂತ ಮೇಸ್ತ್ರಿ ದಾರ ಕಟ್ಟಿಬಿಟ್ಟಿದ್ದರು. ಅಮ್ಮನ ಎತ್ತರ 4 ಅಡಿ 10 ಇಂಚು. ಕಟ್ಟೆ ಮೇಲೆ ಸ್ಟೌವ್ 6 ಇಂಚು, ಅದರ ಮೇಲೆ ಮುದ್ದೆ ಪಾತ್ರೆ 8 ಇಂಚು. ಲೆಕ್ಕ ಹಾಕಿದರೆ ಪಾತ್ರೆಯ ಬಾಯಿ 48 ಇಂಚಿಗೆ ಬಂತು, ಅಂದರೆ ಅಮ್ಮನ ಭುಜದ ಮಟ್ಟಕ್ಕೆ. ಅಲ್ಲಿ ನಿಂತು ಮುದ್ದೆ ಕೋಲು ಹಿಡಿದರೆ ತಿರುವೋದು ಹೇಗೆ? ಒಲೆ ನೆಲದಲ್ಲಿದ್ದಾಗ ಅಜ್ಜಿ ಪಾತ್ರೆಗೆ ಕವೆಗೋಲು ಕೊಟ್ಟು, ಬಗ್ಗಿ, ಮೈಭಾರವೆಲ್ಲ ಕೋಲಿನ ಮೇಲೆ ಬಿಡುತ್ತಿದ್ದರು. ಗಂಟಿಲ್ಲದ ಹಿಟ್ಟಿಗೆ ಆ ಭಾರ ಬೇಕೇ ಬೇಕು.

ಹಾಗಾಗಿ ಕಟ್ಟುವ ಮೊದಲು ಸುಮ್ನೆ ಇಟ್ಟಿಗೆ ಜೋಡಿಸಿ, ಹಲಗೆ ಹಾಕಿ, ಸ್ಟೌವ್ ಇಟ್ಟು ನೋಡಿದೆವು. ಅಮ್ಮ ಖಾಲಿ ಪಾತ್ರೆಯಲ್ಲಿ ಕೋಲು ತಿರುವಿ "ಇನ್ನೊಂದು ವರಸೆ ತೆಗಿ ಕಣೋ" ಅನ್ನೋದು, ನಾನು ತೆಗೆಯೋದು. ಮೂರು ವರಸೆ ಇಳಿದ ಮೇಲೆ ಅವರ ಮೊಣಕೈ ಬಾಗಿ ಹೆಗಲು ಕೆಳಗಿಳಿಯಿತು. "ಈಗ ಸರಿ" ಅಂದರು. ಟೇಪ್ ಹಿಡಿದರೆ 24 ಇಂಚು ಚಿಲ್ಲರೆ. ಮೇಸ್ತ್ರಿ ನೋಡಿ, ತಮ್ಮ ಮನೆಯವರೂ ಸ್ಟೂಲ್ ಹತ್ತಿ ಮುದ್ದೆ ತಿರುವುತ್ತಾರೆ ಅಂದರು. ಇದನ್ನು ಯಾರೂ ಮೊದಲೇ ಯೋಚಿಸೋದಿಲ್ಲ, ಅಲ್ವಾ?

ಇಲ್ಲೊಂದು ಎಡವಟ್ಟಾಯಿತು. ಕಟ್ಟೆ ಮುಗಿದ ಮೇಲೆ ನೋಡಿದರೆ ಗ್ಯಾಸ್ ಸಿಲಿಂಡರ್ ಕೆಳಗೆ ಹೋಗುತ್ತಿಲ್ಲ. 14.2 ಕೆಜಿ ಸಿಲಿಂಡರ್ 2 ಅಡಿಗಿಂತ ಸ್ವಲ್ಪ ಎತ್ತರ, ಕಲ್ಲಿನ ದಪ್ಪ ಕಳೆದರೆ ಕೆಳಗೆ ಉಳಿದದ್ದು 22 ಇಂಚು. ಸಿಲಿಂಡರ್ ಮಲಗಿಸುವಂತಿಲ್ಲ. ಪಕ್ಕದ 32 ಇಂಚಿನ ಕಟ್ಟೆ ಕೆಳಗೆ ನಿಲ್ಲಿಸಿ, ನಡುವಿನ ಗೋಡೆಯಲ್ಲಿ ಟ್ಯೂಬ್‌ಗೆ ತೂತು ಬಿಡಿಸಿದೆವು. ಒಂದು ದಿನದ ಕೂಲಿ ದಂಡ.

ಗೋಡೆ: ಹಿಂದೊಮ್ಮೆ ಯಾರೋ ಸಿಮೆಂಟ್ ಬಳಿದಿದ್ದರು. ಮಣ್ಣಿನ ಗೋಡೆಯ ತೇವ ಹೊರಗೆ ಬರಲು ದಾರಿಯಿಲ್ಲದೆ ಹೆಕ್ಕಳೆ ಹೆಕ್ಕಳೆಯಾಗಿ ಎದ್ದಿತ್ತು. ಅದನ್ನು ಕೆರೆದು ಸುಣ್ಣದ ಗಾರೆ ಹಾಕಿಸಿದೆ. ಅರಳಿಸಿದ ಸುಣ್ಣವನ್ನು ಎರಡು ವಾರ ನೀರಿನಲ್ಲಿ ಬಿಟ್ಟು, ಅಳಲೆಕಾಯಿ, ಬೆಲ್ಲ ನೆನೆಸಿದ ನೀರಿನಲ್ಲಿ ಕಲಸಿದ್ದು. ನಿಧಾನದ ಕೆಲಸ. ಆದರೆ ಈಗ ಆ ಗೋಡೆ ಮುಟ್ಟಿದರೆ ತಣ್ಣಗೆ, ನುಣ್ಣಗೆ ಇದೆ.

ನೆಲ: ಬಚ್ಚಲ ಕಡೆ ಮೂರು ಅಡಿ ಬಿರುಕು ಬಿಟ್ಟಿತ್ತು. ಹತ್ತು ಪಾಲು ಸಿಮೆಂಟಿಗೆ ಒಂದು ಪಾಲು ರೆಡ್ ಆಕ್ಸೈಡ್. ಎರಡನ್ನೂ ಒಣಗಿರುವಾಗಲೇ ಜರಡಿ ಹಿಡಿದು ಒಟ್ಟಿಗೆ ಬೆರೆಸಬೇಕು, ಬೇಕಾದಷ್ಟನ್ನೂ ಒಂದೇ ಸಲ ಬೆರೆಸಬೇಕು. ನಾವು ಮೊದಲ ದಿನ ಎರಡು ಸಲ ಬೆರೆಸಿದೆವು, ಬಣ್ಣ ಎರಡಾಯಿತು. ಒಡೆದು ಮತ್ತೆ ಹಾಕಿಸಿದೆ. ಎಷ್ಟು ಮಾಡಿದರೂ ಹಳೇ ನೆಲದ ಕೆಂಪು ಬರೋದಿಲ್ಲ. ಅಷ್ಟು ವರ್ಷ ಕಾಲು ಸವೆಸಿ ಬಂದ ಹೊಳಪು ಅದು. ಅದಕ್ಕೆ ಹಳೆಯದಕ್ಕೂ ಹೊಸದಕ್ಕೂ ನಡುವೆ ನಾಲ್ಕು ಇಂಚಿನ ಕಪ್ಪು ಪಟ್ಟಿ ಎಳೆಸಿದೆವು. ನಡುಮನೆಯ ಅಂಚಿನಲ್ಲಿ ತಾತ ಹಾಕಿಸಿದ್ದೂ ಅಂಥದ್ದೇ. ಹೊಸ ನೆಲ ಗಟ್ಟಿಯಾಗಲಿ ಅಂತ ಅದರ ಮೇಲೆ ಏಳು ದಿನ ನೀರು ನಿಲ್ಲಿಸಿದ್ದಾಯಿತು.

ಚಿಮಣಿ ಪೈಪ್ ಹಳೇ ಹೊಗೆಗೂಡಿನೊಳಗೇ ಹೋಯಿತು. ಚಪ್ಪಡಿಗೆ ಡ್ರಿಲ್ ಹಾಕಿಸಲಿಲ್ಲ. ಕಲ್ಲು ಸೀಳಿದರೆ ಮತ್ತೆ ಜೋಡಿಸುವವರು ಯಾರು? ವೈರಿಂಗ್ ಗೋಡೆ ಮೇಲೆಯೇ ಪೈಪ್‌ನಲ್ಲಿ ಓಡಿದೆ, ಕಾಣುತ್ತದೆ, ಇರಲಿ.

ಭಾನುವಾರ ಮೊದಲ ಸಲ ಹೊಸ ಕಟ್ಟೆಯಲ್ಲಿ ಮುದ್ದೆಯಾಯಿತು. ಎಸರು ಕುದಿದು ಹಿಟ್ಟು ಬೆಂದ ಮೇಲೆ ಅಮ್ಮ ಎಡಗೈಯಲ್ಲಿ ಇಕ್ಕಳ ಬಿಗಿಹಿಡಿದು ಕೋಲು ಇಳಿಸಿದರು. ಪಾತ್ರೆ ಅಲ್ಲಾಡಲಿಲ್ಲ. ಅಂಚಿನಿಂದ ಹಿಟ್ಟು ಬಿಟ್ಟುಕೊಂಡು ಒಂದೇ ಉಂಡೆಯಾಗಿ ಸುತ್ತತೊಡಗಿತು, ಆವಿ ನೇರ ಹೊಗೆಗೂಡಿಗೆ ಏರಿತು. ಜೊತೆಗೆ ಅವರೆಕಾಳಿನ ಹುಳಿ. ಮೇಸ್ತ್ರಿಗೂ ಎರಡು ಮುದ್ದೆ ಬಡಿಸಿದರು.

ಒರಳು ಇನ್ನೂ ಬಾಕಿ. ಒಳಗೆ ಸವೆದು ನುಣ್ಣಗಾಗಿದೆ, ಉಳಿಯಿಂದ ಮತ್ತೆ ಕಚ್ಚು ಹೊಡೆಸಬೇಕು. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಕಲ್ಲು ಕೆತ್ತುವವರು ಇದ್ದಾರಲ್ಲ, ಬರುವ ವಾರ ಅಲ್ಲಿಗೆ ಹೋಗಿ ಕೇಳಿ ಬರುತ್ತೇನೆ. ಗೂಡುಗಳಿಗೆ ಬಾಗಿಲು ಬೇಡ ಅಂತ ಅಮ್ಮ ಹೇಳಿದ್ದಾರೆ. ಉಪ್ಪಿನ ಜಾಡಿ ಕೈಗೆ ಸಿಗಬೇಕಂತೆ.