ಹೊತ್ತಿನ ಜಾಗದಲ್ಲಿ ಪ್ರಶ್ನೆ ಗುರುತು

ಧಾರವಾಡ, 17 ನವೆಂಬರ್ 2024, ಭಾನುವಾರ

ತಮ್ಮನ ತಲೆದಿಂಬಿನ ಮೇಲೆ ಇವತ್ತು ಬೆಳಿಗ್ಗೆ ಮತ್ತೆ ರಕ್ತದ ಕಲೆ. ನಾಲಿಗೆಯ ಅಂಚು ಕಚ್ಚಿಕೊಂಡಿದ್ದಾನೆ. ರಾತ್ರಿ ಫಿಟ್ಸ್ ಬಂದಿದೆ. ಎಷ್ಟೊತ್ತಿಗೆ, ಎಷ್ಟು ಸಲ, ಯಾರಿಗೂ ಗೊತ್ತಿಲ್ಲ. ಪಕ್ಕದಲ್ಲೇ ಮಲಗಿದ್ದ ಅವ್ವನಿಗೂ ಎಚ್ಚರ ಆಗಿಲ್ಲ. "ಅದ್ಹೆಂಗ ನಿದ್ದಿ ಹತ್ತಿತೋ ನನಗ" ಅಂತ ಆಗಿನಿಂದ ಹಳಹಳಿಸುತ್ತಿದ್ದಾಳೆ.

ನೋಟ್‌ಬುಕ್ಕಿನಲ್ಲಿ ತಾರೀಖು ಬರೆದೆ. ಹೊತ್ತು ಬರೆಯುವ ಜಾಗದಲ್ಲಿ ಪ್ರಶ್ನೆ ಗುರುತು ಹಾಕಿದೆ. ಆರು ವರ್ಷದಲ್ಲಿ ಇದು ಮೂರನೇ ನೋಟ್‌ಬುಕ್. ಡಾಕ್ಟರು ಇದನ್ನು ನೋಡಿಯೇ ಮಾತ್ರೆ ಏರಿಸುತ್ತಾರೆ, ಇಳಿಸುತ್ತಾರೆ. ಆದರೆ ಇದರಲ್ಲಿರುವುದು ನಾವು ಕಂಡದ್ದಷ್ಟೇ ಅಲ್ವಾ?

ಮೆಲ್ಬರ್ನಿನಲ್ಲಿ ಫಿಟ್ಸ್ ಇರುವ 15 ಮಂದಿಯ ಮೆದುಳಿನ ಮೇಲೆ ಅಲೆ ಹಿಡಿಯುವ ಎಲೆಕ್ಟ್ರೋಡ್ ಇಟ್ಟು ತಿಂಗಳುಗಟ್ಟಲೆ ನೋಡಿದ್ದರು. 2013ರಲ್ಲಿ ಅದರ ವರದಿ ಬಂತು. ಆ ರೋಗಿಗಳು ಬರೆದಿಟ್ಟ ಫಿಟ್ಸ್ ಲೆಕ್ಕಕ್ಕೂ ಯಂತ್ರದ ಲೆಕ್ಕಕ್ಕೂ ತಾಳೆಯೇ ಆಗಿರಲಿಲ್ಲ. ಅದನ್ನು ಓದಿದಾಗಿನಿಂದ ಈ ನೋಟ್‌ಬುಕ್ ತೆರೆದರೆ ಎದೆ ಭಾರ ಆಗುತ್ತದೆ.

ಅದೇ ವರ್ಷ ಅಮೆರಿಕದಲ್ಲಿ ಆರ್‌ಎನ್‌ಎಸ್ ಎಂಬ ಸಾಧನಕ್ಕೆ ಒಪ್ಪಿಗೆ ಸಿಕ್ಕಿತು. ತಲೆಬುರುಡೆಯ ಎಲುಬು ಒಂದಿಷ್ಟು ಕತ್ತರಿಸಿ, ಆ ಜಾಗದಲ್ಲಿ ಅದನ್ನು ಕೂರಿಸುತ್ತಾರೆ. ಫಿಟ್ಸ್ ಹುಟ್ಟುವ ಕಡೆಗೆ ಎರಡು ತಂತಿ ಹೋಗುತ್ತವೆ. ಹಗಲೂ ರಾತ್ರಿ ಅದು ಮೆದುಳಿನ ಅಲೆ ನೋಡುತ್ತಾ ಇರುತ್ತದೆ. ಏರುಪೇರು ಕಂಡ ಕೂಡಲೇ ಸಣ್ಣ ಕರೆಂಟ್ ಕೊಡುತ್ತದೆ. ಮನೆಯಲ್ಲಿ ತಲೆಯ ಹತ್ತಿರ ಒಂದು ರೀಡರ್ ಹಿಡಿದರೆ ಅದು ಉಳಿಸಿಟ್ಟ ದಾಖಲೆ ಲ್ಯಾಪ್‌ಟಾಪಿಗೆ ಇಳಿಯುತ್ತದೆ. ಹಾಕಿಸಿಕೊಂಡವರಲ್ಲಿ ಅರ್ಧದಷ್ಟು ಜನರಿಗೆ ಒಂಬತ್ತು ವರ್ಷದ ಹೊತ್ತಿಗೆ ಫಿಟ್ಸ್ ಶೇ. 75ರಷ್ಟೋ, ಅದಕ್ಕೂ ಜಾಸ್ತಿಯೋ ಕಡಿಮೆಯಾಗಿದ್ದವು. ಪೂರ್ತಿ ಗುಣ ಅಂತಲ್ಲ, ಮಾತ್ರೆಯೂ ತಪ್ಪುವುದಿಲ್ಲ. ಎಲ್ಲರಿಗೂ ಹಾಕುವುದೂ ಇಲ್ಲ. 18 ತುಂಬಿರಬೇಕು, ಎರಡು ಔಷಧಿ ಸೋತಿರಬೇಕು, ಫಿಟ್ಸ್ ಹುಟ್ಟುವ ಜಾಗ ಎರಡಕ್ಕಿಂತ ಜಾಸ್ತಿ ಇರಬಾರದು. ಎದೆಯ ಚರ್ಮದಡಿ ಇಟ್ಟು ಕುತ್ತಿಗೆಯ ವೇಗಸ್ ನರಕ್ಕೆ ತಂತಿ ಜೋಡಿಸುವ ವಿಎನ್‌ಎಸ್ ಎಂಬ ಸಾಧನ ಇದಕ್ಕಿಂತ ಹಳೆಯದು, ಅಮೆರಿಕದಲ್ಲಿ 1997ರಲ್ಲೇ ಒಪ್ಪಿಗೆ ಸಿಕ್ಕಿತ್ತು. ಆದರೆ ಅದು ಮೆದುಳಿನ ಅಲೆಯನ್ನು ನೋಡುವುದಿಲ್ಲ.

ಕರೆಂಟಿಗಿಂತ ನನಗೆ ಬೇಕಾಗಿರುವುದು ಆ ಕಾವಲು. ಅವ್ವ ಒಂದು ರಾತ್ರಿಯಾದರೂ ಹೆದರದೆ ಮಲಗಬೇಕು.

ಮುಂದಿನ ಸಲ ಹೋದಾಗ ಡಾಕ್ಟರಿಗೆ ಕೇಳುತ್ತೇನೆ. ಇವನ ಫಿಟ್ಸ್ ಎಲ್ಲಿಂದ ಹುಟ್ಟುತ್ತವೆ ಎಂಬುದನ್ನು ಮೊದಲು ಗಟ್ಟಿ ಮಾಡಿಕೊಳ್ಳಬೇಕು.

ಸಂಜೆ ತಮ್ಮ ನೋಟ್‌ಬುಕ್ ಇಸಿದುಕೊಂಡ. "ಅಕ್ಕಾ, ಪೆನ್ ಕೊಡು" ಅಂದ. ನನ್ನ ಪ್ರಶ್ನೆ ಗುರುತಿನ ಪಕ್ಕ ಅವನೇ ಬರೆದ: "ಎದ್ದಾಗ ತಲಿ ನೋವು. ಚಾ ರುಚಿ ಹತ್ತಲಿಲ್ಲ."